ಜೇಮ್ಸ್ ಜೂಲ್: ಪ್ರೊಸೆಸರ್ ಯಾಕೆ ಬಿಸಿಯಾಗುತ್ತದೆ ಎಂದು 1840ರಲ್ಲೇ ಲೆಕ್ಕ ಹಾಕಿದವರು

ಗೇಮಿಂಗ್ ಗುಂಪುಗಳಲ್ಲಿ ಫಾರ್ವರ್ಡ್ ಆಗುವ ಸಲಹೆಗಳಲ್ಲಿ ಒಂದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಡೆಸ್ಕ್‌ಟಾಪ್ ಕಂಪ್ಯೂಟರಿನ ಪ್ರೊಸೆಸರನ್ನು ನೀವು ಓವರ್‌ಕ್ಲಾಕ್ ಮಾಡಿದ್ದೀರಿ, ಅಂದರೆ ಕಂಪನಿ ಹೇಳಿದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುತ್ತಿದ್ದೀರಿ. ಆಟದ ನಡುವೆ ಪರದೆ ನೀಲಿಯಾಗಿ ನಿಂತುಬಿಡುತ್ತದೆ. ಆಗ ಬಯಾಸ್‌ಗೆ ಹೋಗಿ ವೋಲ್ಟೇಜನ್ನು ಸ್ವಲ್ಪ ಏರಿಸಿ. ಶೇ 10ರಷ್ಟು ಏರಿಸಿದರೆ ಬಿಸಿಯೂ ಹೆಚ್ಚೆಂದರೆ ಶೇ 10ರಷ್ಟು ಏರೀತು, ಅದನ್ನು ಫ್ಯಾನ್ ನೋಡಿಕೊಳ್ಳುತ್ತದೆ. ಸಲಹೆಯ ಸಾರ ಇಷ್ಟು.

ವೋಲ್ಟೇಜ್ ಏರಿಸಿದರೆ ಕಂಪ್ಯೂಟರ್ ಹ್ಯಾಂಗ್ ಆಗುವುದು ನಿಲ್ಲಬಹುದು, ಅದು ನಿಜ. ಬಿಸಿಯ ಲೆಕ್ಕ ಮಾತ್ರ ತಪ್ಪು. ಅದು ತಪ್ಪು ಎಂದು ತೋರಿಸಲು ಹೊಸ ಪ್ರಯೋಗಾಲಯವೇನೂ ಬೇಕಿಲ್ಲ. ಇಂಗ್ಲೆಂಡಿನಲ್ಲಿ ಬಿಯರ್ ತಯಾರಕರ ಮನೆಯ ಯುವಕರೊಬ್ಬರು 1840ರಲ್ಲಿ, ಕಂಪ್ಯೂಟರ್ ಇರಲಿ, ಮನೆಗಳಿಗೆ ವಿದ್ಯುತ್ ದೀಪ ಕೂಡ ಬಾರದಿದ್ದ ಕಾಲದಲ್ಲಿ, ಒಂದು ಜಾಡಿ ನೀರು, ಒಂದಿಷ್ಟು ತಂತಿ, ಒಂದು ಥರ್ಮಾಮೀಟರ್ ಇಟ್ಟುಕೊಂಡು ಇದನ್ನು ಅಳೆದಿದ್ದರು. ಅವರ ಹೆಸರು ಜೇಮ್ಸ್ ಪ್ರೆಸ್ಕಾಟ್ ಜೂಲ್. ಬಿಸ್ಕತ್ತಿನ ಪೊಟ್ಟಣದ ಮೇಲೆ ಕಿಲೋಜೂಲ್ ಎಂದು ಬರೆದಿರುತ್ತದಲ್ಲ, ಅದು ಅವರದೇ ಹೆಸರು. ನಿಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್.

ಜೂಲ್ ಬಗ್ಗೆಯೂ ಫಾರ್ವರ್ಡ್‌ಗಳಿಗೆ ಕೊರತೆಯಿಲ್ಲ. ಓದುಬರಹವಿಲ್ಲದ ಬಿಯರ್ ವ್ಯಾಪಾರಿ ವಿಜ್ಞಾನಿಗಳನ್ನೇ ಸೋಲಿಸಿದ ಎನ್ನುವುದು ಒಂದು. ಹನಿಮೂನ್‌ಗೆ ಹೋದಾಗ ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿ ಜಲಪಾತದ ಬಿಸಿ ಅಳೆಯಲು ಹೋದ ಎನ್ನುವುದು ಇನ್ನೊಂದು. ಇವರ ಬದುಕಿನ ಕಥೆ ಹೇಳುತ್ತಲೇ ಈ ಎರಡನ್ನೂ ಪರೀಕ್ಷಿಸೋಣ.

ಬಿಯರ್ ಕಾರ್ಖಾನೆಯ ಹುಡುಗ

ಜೂಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಮ್ಯಾಂಚೆಸ್ಟರ್‌ಗೆ ಅಂಟಿಕೊಂಡೇ ಇರುವ ಸಾಲ್ಫರ್ಡ್ ಪಟ್ಟಣದಲ್ಲಿ. ತಂದೆ ಬೆಂಜಮಿನ್ ಜೂಲ್ ಸ್ಥಿತಿವಂತ ಬಿಯರ್ ತಯಾರಕರು. ಹುಡುಗನಿಗೆ ಬೆನ್ನುಮೂಳೆಯ ತೊಂದರೆ ಇತ್ತು, ಸ್ವಭಾವದಲ್ಲಿ ಸಂಕೋಚ. ಹಾಗಾಗಿ ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ ಹೇಳಿಸಿದರು. ಓದುಬರಹವಿಲ್ಲದವರು ಎನ್ನುವ ಕಥೆ ಹುಟ್ಟಿದ್ದು ಬಹುಶಃ ಇಲ್ಲಿಂದ.

ಆದರೆ 1834ರಲ್ಲಿ ತಂದೆ ಜೇಮ್ಸ್‌ನನ್ನೂ ಅವನ ಅಣ್ಣನನ್ನೂ ಪಾಠಕ್ಕೆ ಕಳಿಸಿದ್ದು ಯಾರ ಬಳಿಗೆ ಗೊತ್ತೇ? ಜಾನ್ ಡಾಲ್ಟನ್ ಬಳಿಗೆ. ಪರಮಾಣು ಸಿದ್ಧಾಂತದ ಅದೇ ಡಾಲ್ಟನ್, ಹೈಸ್ಕೂಲ್ ರಸಾಯನಶಾಸ್ತ್ರದ ಪುಸ್ತಕದಲ್ಲಿ ನೀವು ಓದಿದವರು. ಮ್ಯಾಂಚೆಸ್ಟರ್‌ನಲ್ಲಿ ಅವರು ಹುಡುಗರಿಗೆ ಮನೆಪಾಠದಂತೆ ಅಂಕಗಣಿತ, ರೇಖಾಗಣಿತ ಹೇಳಿಕೊಡುತ್ತಿದ್ದರು. ಪಾಠ ಸುಮಾರು ಎರಡು ವರ್ಷ ನಡೆಯಿತು. 1837ರಲ್ಲಿ ಡಾಲ್ಟನ್‌ಗೆ ಪಾರ್ಶ್ವವಾಯು ಹೊಡೆದ ಮೇಲೆ ಅದು ಮುಂದುವರಿಯುವಂತಿರಲಿಲ್ಲ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿಲ್ಲ ಎಂದರೆ ಸರಿ. ಅನಕ್ಷರಸ್ಥ ಎಂದರೆ ಸುಳ್ಳು.

ಆಮೇಲೆ ಅವರು ಕಾರ್ಖಾನೆಯ ಕೆಲಸಕ್ಕೆ ಸೇರಿದರು. ಹಗಲು ವ್ಯವಹಾರ, ಉಳಿದ ಹೊತ್ತು ಮನೆಯಲ್ಲಿ ಪ್ರಯೋಗ. ಬಿಯರ್ ಕಾರ್ಖಾನೆಯನ್ನು ಜೂಲ್ ಬದುಕಿನ ತಮಾಷೆಯ ವಿವರ ಎಂಬಂತೆ ಹೇಳಿ ಮುಂದೆ ಹೋಗುವವರೇ ಹೆಚ್ಚು. ನಮಗೆ ಹಾಗನ್ನಿಸುವುದಿಲ್ಲ. ಮೊಳಕೆ ಬರಿಸಿದ ಧಾನ್ಯವನ್ನು ಬಿಸಿನೀರಿನಲ್ಲಿ ನೆನೆಸುವಾಗ ಕೆಲವೇ ಡಿಗ್ರಿ ಹೆಚ್ಚುಕಡಿಮೆಯಾದರೂ ಪಿಷ್ಟ ಸಕ್ಕರೆಯಾಗುವ ರೀತಿ ಬದಲಾಗುತ್ತದೆ, ಇಡೀ ತೊಟ್ಟಿ ಕೆಡಬಹುದು. ಥರ್ಮಾಮೀಟರಿನ ಸಣ್ಣ ಗೆರೆಗಳನ್ನು ಹಣದಷ್ಟೇ ಗಂಭೀರವಾಗಿ ನೋಡುವ ಜಾಗ ಅದು. ಆ ಅಭ್ಯಾಸ ಮುಂದೆ ಅವರನ್ನು ಕಾಪಾಡಿತು.

ಎಷ್ಟು ಬೇಕಾದರೂ ಶಕ್ತಿ ಕೊಡುವ ಮೋಟಾರಿನ ಕನಸು

1830ರ ದಶಕದ ಕೊನೆಯಲ್ಲಿ ಯುರೋಪಿಗೆ ವಿದ್ಯುತ್ ಮೋಟಾರಿನ ಹುಚ್ಚು ಹಿಡಿದಿತ್ತು. 1838ರಲ್ಲಿ ಮೊರಿಟ್ಜ್ ಯಾಕೋಬಿ ಎಂಬ ಎಂಜಿನಿಯರ್ ರಷ್ಯಾದ ನೆವಾ ನದಿಯಲ್ಲಿ ಬ್ಯಾಟರಿ ಮೋಟಾರಿನಿಂದ ದೋಣಿ ಓಡಿಸಿ ತೋರಿಸಿದರು. ಉಗಿಯಂತ್ರದ ಕಾಲ ಮುಗಿಯಿತು ಎಂದು ಎಷ್ಟೋ ಜನ ನಂಬಿದರು. ಇಪ್ಪತ್ತರ ಹರೆಯದ ಜೂಲ್ ಕೂಡ ಆ ಗುಂಪಿನಲ್ಲಿದ್ದರು. ಆಯಸ್ಕಾಂತಕ್ಕೆ ಕೊಡುವ ವಿದ್ಯುತ್ ಪ್ರವಾಹವನ್ನು ದುಪ್ಪಟ್ಟು ಮಾಡಿದರೆ ಸೆಳೆತ ನಾಲ್ಕು ಪಟ್ಟಾಗುತ್ತದೆ ಎಂದು ಅವರೇ ಅಳೆದು ನೋಡಿದ್ದರು. ಹಾಗಿದ್ದರೆ ಪ್ರವಾಹ ಏರಿಸುತ್ತ ಹೋದರೆ ಶಕ್ತಿಗೆ ಮಿತಿಯೇ ಇಲ್ಲವಲ್ಲ? ತಂದೆಯ ಕಾರ್ಖಾನೆಗೂ ಕಲ್ಲಿದ್ದಲಿನ ಖರ್ಚು ಉಳಿದೀತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಕಂಪ್ಯೂಟರ್ ಓವರ್‌ಕ್ಲಾಕ್ ಮಾಡುವವರ ಆಸೆಯೂ ಇದೇ ತಾನೇ? ಇರುವ ಯಂತ್ರಕ್ಕೇ ಸ್ವಲ್ಪ ಹೆಚ್ಚು ಒತ್ತಡ ಕೊಟ್ಟು ಪುಕ್ಕಟೆಯಾಗಿ ಹೆಚ್ಚು ಕೆಲಸ ತೆಗೆಯುವುದು.

ಜೂಲ್ ಆಸೆಪಟ್ಟು ಸುಮ್ಮನಾಗಲಿಲ್ಲ, ಲೆಕ್ಕ ಇಟ್ಟರು. ಬ್ಯಾಟರಿಯೊಳಗೆ ಸತುವು ಕರಗುತ್ತದೆ. ಒಂದು ಪೌಂಡ್ ಸತುವು ಕರಗಿದಾಗ ಮೋಟಾರು ಎಷ್ಟು ಭಾರವನ್ನು ಎಷ್ಟು ಎತ್ತರಕ್ಕೆ ಎತ್ತುತ್ತದೆ? ಒಂದು ಪೌಂಡ್ ಕಲ್ಲಿದ್ದಲು ಉರಿಸಿದಾಗ ಕಾರ್ನ್‌ವಾಲ್‌ನ ಒಳ್ಳೆಯ ಉಗಿಯಂತ್ರ ಎಷ್ಟು ಎತ್ತುತ್ತದೆ? 1841ರ ಹೊತ್ತಿಗೆ ಅವರ ಕೈಯಲ್ಲಿ ಉತ್ತರ ಇತ್ತು. ಸತುವು ಮಾಡಿದ ಕೆಲಸ ಕಲ್ಲಿದ್ದಲು ಮಾಡಿದ್ದರ ಐದನೇ ಒಂದು ಭಾಗದ ಆಸುಪಾಸು. ಸತುವಿನ ಬೆಲೆಯೋ ಕಲ್ಲಿದ್ದಲಿಗಿಂತ ಎಷ್ಟೋ ಪಾಲು ಹೆಚ್ಚು. ತಾನೇ ಕಟ್ಟಿದ ಕನಸನ್ನು ಜೂಲ್ ತಾನೇ ಅಳೆದು ಕೆಳಗಿಳಿಸಿದರು, ಅದನ್ನು ಸಭೆಯ ಮುಂದೆ ಹೇಳಿಯೂಬಿಟ್ಟರು.

ಜಾಡಿಯೊಳಗಿನ ತಂತಿ

ಈ ಲೆಕ್ಕಗಳ ನಡುವೆ ಅವರನ್ನು ಕಾಡಿದ್ದು ತಂತಿಗಳ ಬಿಸಿ. ಪ್ರವಾಹ ಹರಿದಾಗ ತಂತಿ ಬಿಸಿಯಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಎಷ್ಟು, ಯಾವ ನಿಯಮದಂತೆ ಎನ್ನುವುದು ಗೊತ್ತಿರಲಿಲ್ಲ. ಜೂಲ್ ತಂತಿಯನ್ನು ಗಾಜಿನ ಕೊಳವೆಯ ಸುತ್ತ ಸುರುಳಿ ಸುತ್ತಿ ನೀರಿನ ಜಾಡಿಯಲ್ಲಿ ಇಳಿಸಿದರು, ಪ್ರವಾಹ ಹರಿಸಿದರು, ನೀರು ಎಷ್ಟು ಬಿಸಿಯಾಯಿತೆಂದು ನೋಡಿದರು. ಸ್ನಾನದ ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್ ನೆನಪಾಯಿತೇ? ಹೆಚ್ಚುಕಡಿಮೆ ಅದೇ ಜೋಡಣೆ.

ಫಲಿತಾಂಶ ಸರಳವಾಗಿತ್ತು. ಒಂದೇ ಪ್ರವಾಹ ಹರಿಯುವಾಗ, ಯಾವ ತಂತಿ ಹೆಚ್ಚು ಅಡ್ಡಿ ಮಾಡುತ್ತದೋ ಅದು ಅಷ್ಟೇ ಪಾಲು ಹೆಚ್ಚು ಬಿಸಿಯಾಗುತ್ತದೆ. ಅದೇ ತಂತಿಯಲ್ಲಿ ಪ್ರವಾಹವನ್ನು ದುಪ್ಪಟ್ಟು ಮಾಡಿದರೆ ಬಿಸಿ ದುಪ್ಪಟ್ಟಲ್ಲ, ನಾಲ್ಕು ಪಟ್ಟು. ಮೂರು ಪಟ್ಟು ಮಾಡಿದರೆ ಒಂಬತ್ತು ಪಟ್ಟು. ಅಂದರೆ ಬಿಸಿ ಏರುವುದು ಪ್ರವಾಹದ ವರ್ಗದ ಲೆಕ್ಕದಲ್ಲಿ. ಮೋಟಾರಿನ ಸೆಳೆತಕ್ಕೆ ಯಾವ ವರ್ಗದ ಲೆಕ್ಕ ನಂಬಿ ಕನಸು ಕಟ್ಟಿದ್ದರೋ ಅದೇ ಲೆಕ್ಕ ಬಿಸಿಯ ರೂಪದಲ್ಲಿ ಎದುರು ನಿಂತಿತ್ತು.

1840ರ ಡಿಸೆಂಬರಿನಲ್ಲಿ ಅವರು ಇದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದರು. ಆಗ ಅವರಿಗೆ ಇನ್ನೂ 22 ತುಂಬಿರಲಿಲ್ಲ. ಸೊಸೈಟಿ ಪ್ರಕಟಿಸಿದ್ದು ಚಿಕ್ಕ ಸಾರಾಂಶವನ್ನು ಮಾತ್ರ. ಪೂರ್ಣ ಪ್ರಬಂಧ 1841ರಲ್ಲಿ ಫಿಲಾಸಫಿಕಲ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಬಂತು. ರಷ್ಯಾದ ಎಮಿಲ್ ಲೆಂಜ್ ಇದೇ ನಿಯಮವನ್ನು ಬೇರೆಯಾಗಿಯೇ ಕಂಡುಕೊಂಡಿದ್ದರಿಂದ ಕೆಲವು ದೇಶಗಳ ಪುಸ್ತಕಗಳಲ್ಲಿ ಇಬ್ಬರ ಹೆಸರೂ ಇದೆ.

ಅದೇ ಜಾಡಿ, ಈಗ ನಿಮ್ಮ ಕ್ಯಾಬಿನೆಟ್ಟಿನೊಳಗೆ

ಪ್ರೊಸೆಸರಿನೊಳಗೆ ನೂರಾರು ಕೋಟಿ ಟ್ರಾನ್ಸಿಸ್ಟರ್‌ಗಳಿವೆ. ಪ್ರತಿಯೊಂದನ್ನೂ ಪುಟ್ಟ ಕೊಡ ಎಂದುಕೊಳ್ಳಿ. ಸ್ವಿಚ್ ಆನ್ ಆಗಬೇಕೆಂದರೆ ಕೊಡಕ್ಕೆ ವಿದ್ಯುತ್ ತುಂಬಬೇಕು, ಆಫ್ ಆಗಬೇಕೆಂದರೆ ಚೆಲ್ಲಬೇಕು. ವೋಲ್ಟೇಜ್ ಎಂದರೆ ಎಷ್ಟು ಎತ್ತರದವರೆಗೆ ತುಂಬುತ್ತೇವೆ ಎನ್ನುವುದು. ಎತ್ತರ ದುಪ್ಪಟ್ಟಾದರೆ ತುಂಬುವ ನೀರೂ ದುಪ್ಪಟ್ಟು, ಆ ನೀರನ್ನು ಎತ್ತಬೇಕಾದ ಎತ್ತರವೂ ದುಪ್ಪಟ್ಟು. ಶ್ರಮ ನಾಲ್ಕು ಪಟ್ಟು. ತುಂಬಿ ಚೆಲ್ಲಿದ ಅಷ್ಟೂ ಶಕ್ತಿ ಚಿಪ್‌ನ ಸಣ್ಣ ಸಣ್ಣ ದಾರಿಗಳ ಅಡ್ಡಿಯಲ್ಲಿ ಬಿಸಿಯಾಗುತ್ತದೆ, ಜೂಲ್ ಅವರ ತಂತಿಯಲ್ಲಿ ಆದ ಹಾಗೆಯೇ. ಸೆಕೆಂಡಿಗೆ ಎಷ್ಟು ಸಲ ತುಂಬಿ ಚೆಲ್ಲುತ್ತೇವೆ ಎನ್ನುವುದೇ ಗಿಗಾಹರ್ಟ್ಸ್. ಐದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 500 ಕೋಟಿ ತಾಳ.

ಈಗ ಲೆಕ್ಕ ಹಾಕೋಣ. 4.5 ಗಿಗಾಹರ್ಟ್ಸ್‌ನಲ್ಲಿ, 1.20 ವೋಲ್ಟ್‌ನಲ್ಲಿ ಓಡುವ ಪ್ರೊಸೆಸರ್ ಒಂದಿದೆ, 125 ವಾಟ್ ಬಿಸಿ ಹೊರಹಾಕುತ್ತಿದೆ ಎಂದುಕೊಳ್ಳಿ. ನೀವು ಅದನ್ನು 5 ಗಿಗಾಹರ್ಟ್ಸ್‌ಗೆ ಏರಿಸುತ್ತೀರಿ, ಅದು ಹ್ಯಾಂಗ್ ಆಗದಿರಲೆಂದು 1.35 ವೋಲ್ಟ್ ಕೊಡುತ್ತೀರಿ. ವೇಗ ಏರಿದ್ದು ಸುಮಾರು ಶೇ 11. ವೋಲ್ಟೇಜ್ ಏರಿದ್ದು ಶೇ 12.5, ಆದರೆ ಅದರ ವರ್ಗದ ಲೆಕ್ಕದಲ್ಲಿ ಬಿಸಿ ಏರಿದ್ದು ಶೇ 26ಕ್ಕೂ ಹೆಚ್ಚು. ಎರಡನ್ನೂ ಗುಣಿಸಿದರೆ ಬಿಸಿ ಶೇ 40ರಷ್ಟು ಹೆಚ್ಚಾಗಿ 175 ವಾಟ್ ದಾಟುತ್ತದೆ. ಇದರ ಮೇಲೆ ಸೋರಿಕೆ ಬೇರೆ. ಆಫ್ ಆಗಿರುವ ಟ್ರಾನ್ಸಿಸ್ಟರ್‌ಗಳಲ್ಲೂ ಸ್ವಲ್ಪ ಪ್ರವಾಹ ಸೋರುತ್ತಲೇ ಇರುತ್ತದೆ, ಚಿಪ್ ಬಿಸಿಯಾದಷ್ಟೂ ಆ ಸೋರಿಕೆ ಹೆಚ್ಚುತ್ತದೆ. ಬಿಸಿಯೇ ಬಿಸಿಯನ್ನು ಹೆಚ್ಚಿಸುವ ಪರಿಸ್ಥಿತಿ.

ಇಷ್ಟು ಬಿಸಿ ಹೊರಬರಬೇಕಾದ ಜಾಗ ಎಷ್ಟು ಚಿಕ್ಕದು ನೋಡಿ. ಇಸ್ತ್ರಿ ಪೆಟ್ಟಿಗೆಯ ತಳದ ಒಂದು ಚದರ ಸೆಂಟಿಮೀಟರಿನಿಂದ ಐದು ವಾಟ್ ಆಸುಪಾಸು ಬರುತ್ತದೆ. ಪೂರ್ತಿ ದುಡಿಯುತ್ತಿರುವ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರಿನ ಚಿಪ್‌ನಲ್ಲಿ ಅಷ್ಟೇ ಜಾಗದಿಂದ ಸುಮಾರು ನೂರು ವಾಟ್. ಹಾಗಾಗಿಯೇ ಥರ್ಮಲ್ ಪೇಸ್ಟ್ ಸರಿಯಾಗಿ ಹಚ್ಚುವುದು, ಕೂಲರ್ ಬಿಗಿಯಾಗಿ ಕೂರುವುದು ಅಷ್ಟು ಮುಖ್ಯ. ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ 100 ಡಿಗ್ರಿ ಸೆಲ್ಸಿಯಸ್ ಮಿತಿ, ಎಎಂಡಿಯ ರೈಜೆನ್ 7000 ಸರಣಿಯ ಹಲವು ಪ್ರೊಸೆಸರ್‌ಗಳಿಗೆ 95. ಆ ಮಿತಿ ಮುಟ್ಟಿದೊಡನೆ ಚಿಪ್ ತಾನಾಗಿಯೇ ವೇಗ ತಗ್ಗಿಸುತ್ತದೆ. ಓವರ್‌ಕ್ಲಾಕ್ ಮಾಡಿಯೂ ಕಂಪ್ಯೂಟರ್ ನಿಧಾನವಾಯಿತು ಎಂದು ದೂರುವವರು ಮೊದಲು ನೋಡಬೇಕಾದದ್ದು ಇದನ್ನು.

ವೇಗ ತಗ್ಗುವುದು ಬಿಸಿಯಿಂದ ರಕ್ಷಣೆ. ವೋಲ್ಟೇಜ್ ಮಾಡುವ ಹಾನಿಗೆ ಅಂಥ ಪೂರ್ತಿ ರಕ್ಷಣೆ ಇಲ್ಲ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹ್ಯಾಂಗ್ ಆಗತೊಡಗಿದಾಗ, ಅವು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆಯುತ್ತಿದ್ದುದೇ ಕಾರಣದ ಭಾಗ ಎಂದು ಕಂಪನಿಯೇ ಹೇಳಿತು. ಆಗಸ್ಟಿನಲ್ಲಿ ಬಂದ ಅಪ್‌ಡೇಟ್ ಆ ಬೇಡಿಕೆಯನ್ನು 1.55 ವೋಲ್ಟ್‌ಗೆ ಮಿತಿಗೊಳಿಸಿತು, ವಾರಂಟಿ ಎರಡು ವರ್ಷ ವಿಸ್ತರಣೆಯಾಯಿತು. ಆದರೆ ಅದಾಗಲೇ ಹಾಳಾಗಿದ್ದ ಚಿಪ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ. ಗಮನಿಸಿ, ಹೀಗೆ ಹಾಳಾಗಲು ಯಾರೂ ಓವರ್‌ಕ್ಲಾಕ್ ಮಾಡಬೇಕಾಗಿರಲಿಲ್ಲ.

ಹಾಗಾದರೆ ಏನು ಮಾಡಬಹುದು? ಬಯಾಸ್‌ನಲ್ಲಿ ವೋಲ್ಟೇಜನ್ನು ಆಟೋಗೆ ಬಿಟ್ಟು ವೇಗ ಮಾತ್ರ ಏರಿಸಿದರೆ ಮದರ್‌ಬೋರ್ಡ್ ಎಷ್ಟೋ ಸಲ ಬೇಕಾದ್ದಕ್ಕಿಂತ ಹೆಚ್ಚೇ ವೋಲ್ಟೇಜ್ ಕೊಡುತ್ತದೆ. ವೇಗವನ್ನು ಒಂದೊಂದೇ ಹೆಜ್ಜೆ ಏರಿಸಿ, ಪ್ರತಿ ಹೆಜ್ಜೆಯಲ್ಲೂ ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ತಾಪಮಾನ ನೋಡಿ, ಹ್ಯಾಂಗ್ ಆಗದ ಅತಿ ಕಡಿಮೆ ವೋಲ್ಟೇಜಿನಲ್ಲಿ ನಿಲ್ಲಿಸಿ. ವರ್ಗದ ಲೆಕ್ಕ ಇಳಿಯುವಾಗಲೂ ನಡೆಯುತ್ತದೆ ಎನ್ನುವುದು ಹೆಚ್ಚಿನವರು ಮರೆಯುವ ವಿಷಯ: ಅದೇ ವೇಗದಲ್ಲಿ ವೋಲ್ಟೇಜ್ ಶೇ 5 ಇಳಿಸಲು ಸಾಧ್ಯವಾದರೆ ಬಿಸಿ ಹೆಚ್ಚುಕಡಿಮೆ ಶೇ 10 ಇಳಿಯುತ್ತದೆ. ಇನ್ನು ಬಿಸಿಯಾದ ಫೋನನ್ನು ಫ್ರಿಜ್‌ನಲ್ಲಿಡಿ ಎನ್ನುವ ಫಾರ್ವರ್ಡ್ ಇದೆಯಲ್ಲ, ಅದನ್ನು ಖಂಡಿತ ಮಾಡಬೇಡಿ. ಹೊರತೆಗೆದಾಗ ತಣ್ಣನೆಯ ಫೋನಿನ ಮೇಲೂ ಒಳಗೂ ನೀರ ಹನಿ ಕೂರುತ್ತದೆ. ಚಾರ್ಜರ್ ಕಿತ್ತು, ಕವರ್ ತೆಗೆದು, ನೆರಳಿನಲ್ಲಿಟ್ಟರೆ ಸಾಕು.

ನಮ್ಮ ಓದುಗರಲ್ಲಿ ಕೆಲವರಿಗೆ ಇಲ್ಲೊಂದು ಅನುಮಾನ ಬರಬಹುದು. ವೋಲ್ಟೇಜ್ ಹೆಚ್ಚಾದರೆ ಬಿಸಿ ಹೆಚ್ಚು ಎನ್ನುವುದಾದರೆ, ವಿದ್ಯುತ್ ಕಂಬಿಗಳಲ್ಲಿ ಲಕ್ಷಗಟ್ಟಲೆ ವೋಲ್ಟ್ ಹರಿಸುವುದೇಕೆ? ಅಲ್ಲಿ ಸಾಗಿಸಬೇಕಾದ ಒಟ್ಟು ವಿದ್ಯುತ್ ಇಷ್ಟೇ ಎಂದು ಮೊದಲೇ ಗೊತ್ತಾಗಿರುತ್ತದೆ. ವೋಲ್ಟೇಜ್ ಏರಿಸಿದರೆ ಕಂಬಿಯಲ್ಲಿ ಪ್ರವಾಹ ಇಳಿಯುತ್ತದೆ, ಪ್ರವಾಹದ ವರ್ಗದಂತೆ ಕಂಬಿಯ ಬಿಸಿಯೂ ಇಳಿಯುತ್ತದೆ. ನಿಯಮ ಒಂದೇ, ಬಳಕೆ ಬೇರೆ.

ಬಿಸಿ ಎಂದರೆ ಏನು ಎಂಬ ಜಗಳ

ಜೂಲ್ ಕಥೆಗೆ ಮರಳೋಣ. ಆ ಕಾಲದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೂ ಬಿಸಿ ಎಂದರೆ ಕ್ಯಾಲೋರಿಕ್ ಎಂಬ ಒಂದು ಬಗೆಯ ದ್ರವ, ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತದೆ, ಹೊಸದಾಗಿ ಹುಟ್ಟುವುದಿಲ್ಲ ಎಂದು ನಂಬಿದ್ದರು. ಜೂಲ್ ನೋಡಿದ್ದು ಬೇರೆಯದನ್ನೇ. 1843ರಲ್ಲಿ ಅವರು ಒಂದು ಪುಟ್ಟ ವಿದ್ಯುತ್ ಸುರುಳಿಯನ್ನು ನೀರಿನ ಕೊಳವೆಯಲ್ಲಿಟ್ಟು ಆಯಸ್ಕಾಂತದ ಧ್ರುವಗಳ ನಡುವೆ ಗಿರಗಿರ ತಿರುಗಿಸಿದರು. ನೀರು ಬಿಸಿಯಾಯಿತು. ಸುರುಳಿಗೆ ಬ್ಯಾಟರಿ ಇಲ್ಲ, ಬೆಂಕಿ ಇಲ್ಲ. ಬಿಸಿ ಬಂದದ್ದು ತಿರುಗಿಸಿದ ಶ್ರಮದಿಂದ. ಆ ವರ್ಷ ಐರ್ಲೆಂಡಿನ ಕಾರ್ಕ್‌ನಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ ಇದನ್ನು ಹೇಳಿದಾಗ ಯಾರೂ ಏನೂ ಕೇಳಲಿಲ್ಲ. ಮರುವರ್ಷ ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಯ ಮೇಲಿನ ಪ್ರಬಂಧವನ್ನು ರಾಯಲ್ ಸೊಸೈಟಿ ತಿರಸ್ಕರಿಸಿತು.

ಆಮೇಲೆ ಬಂದದ್ದೇ ಪಠ್ಯಪುಸ್ತಕಗಳಲ್ಲಿ ಚಿತ್ರವಾಗಿರುವ ಪ್ರಯೋಗ. ತಾಮ್ರದ ಪಾತ್ರೆಯಲ್ಲಿ ನೀರು, ಅದರಲ್ಲಿ ಹಿತ್ತಾಳೆಯ ರೆಕ್ಕೆಗಳುಳ್ಳ ಕಡೆಗೋಲು. ದಾರಕ್ಕೆ ಕಟ್ಟಿದ ಎರಡು ತೂಕಗಳು, ಒಂದೊಂದೂ ಸುಮಾರು 13 ಕಿಲೋ, ಕೆಳಗಿಳಿಯುತ್ತ ಕಡೆಗೋಲನ್ನು ತಿರುಗಿಸುತ್ತವೆ. ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಇಳಿದ ತೂಕವನ್ನು ಮತ್ತೆ ಮೇಲೆ ಸುತ್ತಬೇಕು, ಮತ್ತೆ ಬಿಡಬೇಕು, ಹೀಗೆ 20 ಸಲ. ಇಷ್ಟೆಲ್ಲ ಕಡೆದ ಮೇಲೆ ನೀರು ಬಿಸಿಯಾಗಿದ್ದು ಎಷ್ಟು? ಒಂದು ಡಿಗ್ರಿ ಫ್ಯಾರನ್‌ಹೀಟ್‌ನ ಅರ್ಧದಷ್ಟು.

ಅರ್ಧ ಡಿಗ್ರಿಯನ್ನು ನಂಬುವುದು ಹೇಗೆ? ಮ್ಯಾಂಚೆಸ್ಟರ್‌ನ ಉಪಕರಣ ತಯಾರಕ ಜಾನ್ ಬೆಂಜಮಿನ್ ಡ್ಯಾನ್ಸರ್ ಮಾಡಿಕೊಟ್ಟ ಥರ್ಮಾಮೀಟರಿನಲ್ಲಿ ಜೂಲ್ ಒಂದು ಡಿಗ್ರಿಯ ಇನ್ನೂರನೇ ಒಂದು ಭಾಗವನ್ನು ಓದುತ್ತಿದ್ದರು. ಪ್ರಯೋಗ ಮಾಡುವವನ ಮೈಬಿಸಿ ಕೂಡ ಲೆಕ್ಕ ಕೆಡಿಸಬಾರದೆಂದು ಪಾತ್ರೆಗೂ ತಮಗೂ ನಡುವೆ ಮರದ ಹಲಗೆ ನಿಲ್ಲಿಸಿದ್ದರು. ಕೋಣೆಯ ಗಾಳಿಯಿಂದ ಬಂದ ಬಿಸಿಯನ್ನು ಬೇರೆಯಾಗಿ ಅಳೆದು ಕಳೆಯುತ್ತಿದ್ದರು. ನಮಗೆ ಜೂಲ್ ದೊಡ್ಡವರಾಗಿ ಕಾಣುವುದು ಇಲ್ಲಿ. ಕೋಣೆ 22 ಡಿಗ್ರಿ ಇದ್ದಾಗ ಪ್ರೊಸೆಸರ್ 75 ಡಿಗ್ರಿ ತೋರಿಸಿತೆಂದು ಸ್ಕ್ರೀನ್‌ಶಾಟ್ ಹಂಚುವವರು, ಬೇಸಿಗೆಯಲ್ಲಿ ಕೋಣೆ 35 ಆದಾಗ ಅದೇ ಪ್ರೊಸೆಸರ್ ಅದೇ ಕೆಲಸಕ್ಕೆ 88ರ ಹತ್ತಿರ ಹೋಗುತ್ತದೆ ಎಂದು ಬರೆಯುವುದೇ ಇಲ್ಲ.

ಹನಿಮೂನ್ ಮತ್ತು ಜಲಪಾತ

1847ರ ಏಪ್ರಿಲ್‌ನಲ್ಲಿ ಜೂಲ್ ಮ್ಯಾಂಚೆಸ್ಟರ್‌ನ ಸೇಂಟ್ ಆ್ಯನ್ಸ್ ಚರ್ಚಿನ ವಾಚನಾಲಯದಲ್ಲಿ ತಮ್ಮ ವಿಚಾರವನ್ನು ಸಾಮಾನ್ಯ ಜನರಿಗೆ ವಿವರಿಸಿದರು. ಅದನ್ನು ಪೂರ್ತಿ ಅಚ್ಚು ಹಾಕಿದ್ದು ವಿಜ್ಞಾನ ಪತ್ರಿಕೆಯಲ್ಲ, ಸ್ಥಳೀಯ ಸುದ್ದಿಪತ್ರಿಕೆ ಮ್ಯಾಂಚೆಸ್ಟರ್ ಕೊರಿಯರ್. ಜೂನ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮತ್ತೆ ಸಭೆ. ಬೇಗ ಮುಗಿಸಿ ಎಂಬ ಸೂಚನೆ ಅಧ್ಯಕ್ಷರಿಂದ ಬಂದಿತ್ತು. ಈ ಸಲವೂ ಮೌನವೇ ಉತ್ತರವಾಗುತ್ತಿತ್ತೇನೋ; ಆದರೆ ಇಪ್ಪತ್ತಮೂರರ ಆಸುಪಾಸಿನ ಒಬ್ಬ ಪ್ರಾಧ್ಯಾಪಕ ಆಸಕ್ತಿ ತೋರಿಸಿ ಮಾತು ಬೆಳೆಸಿದರು. ಅವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು. ಥಾಮ್ಸನ್ ಕೂಡಲೇ ಒಪ್ಪಲಿಲ್ಲ. ಪೂರ್ತಿ ಒಪ್ಪಲು ಮೂರು ನಾಲ್ಕು ವರ್ಷ ಹಿಡಿಯಿತು.

ಆಗಸ್ಟ್ 18ರಂದು ಜೂಲ್ ಅಮೀಲಿಯಾ ಗ್ರೈಮ್ಸ್ ಅವರನ್ನು ಮದುವೆಯಾದರು. ದಂಪತಿ ಆಲ್ಪ್ಸ್ ಪರ್ವತದ ಶಮೊನಿ ಕಡೆ ಹೋದರು. ಅಲ್ಲಿ ನಡೆದು ಬರುತ್ತಿದ್ದ ಥಾಮ್ಸನ್‌ಗೆ ಜೂಲ್ ಎದುರಾದರು ಎನ್ನುವುದು ನಿಜ. ಕೈಯಲ್ಲಿ ಉದ್ದದ ಥರ್ಮಾಮೀಟರ್ ಇತ್ತು, ಸ್ವಲ್ಪ ದೂರದಲ್ಲಿ ಗಾಡಿಯಲ್ಲಿ ಹೆಂಡತಿ ಇದ್ದರು ಎನ್ನುವ ವಿವರವನ್ನು ಥಾಮ್ಸನ್ ಹೇಳಿದ್ದು 1882ರಲ್ಲಿ, ಮೂವತ್ತೈದು ವರ್ಷಗಳ ನಂತರ. ಹಾಗಾಗಿ ಆ ಥರ್ಮಾಮೀಟರ್ ನೆನಪಿನಲ್ಲಿ ಬೆಳೆದದ್ದಿರಬಹುದು ಎಂದು ಅನುಮಾನಿಸುವ ಇತಿಹಾಸಕಾರರಿದ್ದಾರೆ. ಥಾಮ್ಸನ್ ಹೇಳಿದ ಪ್ರಕಾರವೇ ಆ ಪ್ರಯತ್ನ ಫಲಿಸಲಿಲ್ಲ. ಸಲಾಂಶ್ ಜಲಪಾತದ ನೀರು ತುಂತುರಾಗಿ ಚದುರುತ್ತಿತ್ತು.

ಜಲಪಾತದ ವಿಚಾರ ಮಾತ್ರ ಹುಚ್ಚಲ್ಲ. ಮೇಲಿನಿಂದ ಬಿದ್ದ ನೀರಿನ ವೇಗ ತಳದಲ್ಲಿ ಬಿಸಿಯಾಗಲೇಬೇಕು. 160 ಅಡಿ ಬೀಳುವ ನಯಾಗರದ ನೀರು ತಳದಲ್ಲಿ ಒಂದು ಡಿಗ್ರಿ ಫ್ಯಾರನ್‌ಹೀಟ್‌ನ ಐದನೇ ಒಂದು ಭಾಗದಷ್ಟು ಬೆಚ್ಚಗಿರಬೇಕು ಎಂದು ಜೂಲ್ ಮೊದಲೇ ಲೆಕ್ಕ ಹಾಕಿದ್ದರು. ಹಾಗಾಗಿ ಈ ಫಾರ್ವರ್ಡ್‌ಗೆ ನಮ್ಮ ತೀರ್ಪು: ಭೇಟಿ ನಿಜ, ಲೆಕ್ಕ ನಿಜ, ಥರ್ಮಾಮೀಟರ್ ಸಂಶಯ, ಅಳತೆ ಸಿಕ್ಕಿತು ಎಂದು ಹೇಳುವವರದ್ದು ಸುಳ್ಳು.

1850ರಲ್ಲಿ ರಾಯಲ್ ಸೊಸೈಟಿಯೇ ಅವರ ದೊಡ್ಡ ಪ್ರಬಂಧವನ್ನು ಪ್ರಕಟಿಸಿತು, ಸದಸ್ಯತ್ವವನ್ನೂ ಕೊಟ್ಟಿತು. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಬೇಕಾದ ಶ್ರಮ, 772 ಪೌಂಡ್ ಭಾರವನ್ನು ಒಂದು ಅಡಿ ಎತ್ತುವ ಶ್ರಮಕ್ಕೆ ಸಮ ಎನ್ನುವುದು ಅದರ ಫಲಿತಾಂಶ. ಜರ್ಮನಿಯ ವೈದ್ಯ ರಾಬರ್ಟ್ ಮಾಯರ್ 1842ರಲ್ಲೇ ಇದೇ ಬಗೆಯ ವಿಚಾರ ಬರೆದಿದ್ದರು. ಯಾರು ಮೊದಲು ಎಂಬ ಜಗಳ ಬಹಳ ಕಾಲ ನಡೆಯಿತು. ವಿಚಾರದಲ್ಲಿ ಮಾಯರ್ ಮುಂದಿದ್ದರು ಎಂದು ಒಪ್ಪಬಹುದು. ಅಳತೆ ಜೂಲ್ ಅವರದ್ದು.

ತಣ್ಣಗಾಗಿಸುವ ದಾರಿ

1852ರಿಂದ ಸುಮಾರು ಹತ್ತು ವರ್ಷ ಜೂಲ್ ಮತ್ತು ಥಾಮ್ಸನ್ ಜೊತೆಯಾಗಿ ಕೆಲಸ ಮಾಡಿದರು. ಒತ್ತಡದಲ್ಲಿರುವ ಅನಿಲವನ್ನು ಹತ್ತಿಯಂಥ ಸಣ್ಣ ರಂಧ್ರಗಳ ತಡೆಯ ಮೂಲಕ ಹಾಯಿಸಿ, ಆಚೆ ಬಂದಾಗ ತಾಪಮಾನ ಏನಾಗುತ್ತದೆ ಎಂದು ನೋಡುವುದು ಕೆಲಸ. ಗಾಳಿ ಸ್ವಲ್ಪ ತಣ್ಣಗಾಯಿತು. ಹೈಡ್ರೋಜನ್ ಮಾತ್ರ ತುಸು ಬಿಸಿಯಾಯಿತು. ಯಾರಿಗೂ ಉಪಯೋಗಕ್ಕೆ ಬಾರದ ಕುತೂಹಲದಂತೆ ಕಂಡದ್ದು 1895ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಕೈಯಲ್ಲಿ ಗಾಳಿಯನ್ನೇ ದ್ರವವಾಗಿಸುವ ಯಂತ್ರವಾಯಿತು. 1908ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ನೆಸ್ ಹೀಲಿಯಂ ಅನ್ನು ಮೊದಲೇ ಬಹಳ ತಣ್ಣಗಾಗಿಸಿ, ಕೊನೆಗೆ ಇದೇ ವಿದ್ಯಮಾನ ಬಳಸಿ ದ್ರವವಾಗಿಸಿದರು.

ಓವರ್‌ಕ್ಲಾಕಿಂಗ್ ಸ್ಪರ್ಧೆಗಳ ವಿಡಿಯೊಗಳಲ್ಲಿ ಪ್ರೊಸೆಸರಿನ ಮೇಲೆ ಲೋಟ ಇಟ್ಟು ಹೊಗೆಯಾಡುವ ದ್ರವ ಸುರಿಯುವುದನ್ನು ನೀವು ನೋಡಿರಬಹುದು. ಅದು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್. 2022ರ ಕೊನೆಯಲ್ಲಿ ಡೆಸ್ಕ್‌ಟಾಪ್ ಪ್ರೊಸೆಸರ್ ಒಂದನ್ನು ಮೊದಲ ಬಾರಿಗೆ 9 ಗಿಗಾಹರ್ಟ್ಸ್ ದಾಟಿಸಿದಾಗ ಸುರಿದದ್ದು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ. ಅಷ್ಟು ತಣ್ಣಗಿದ್ದಾಗ ಸೋರಿಕೆ ತಗ್ಗುತ್ತದೆ, ಹೆಚ್ಚು ವೋಲ್ಟೇಜ್ ಕೊಟ್ಟರೂ ಚಿಪ್ ಸ್ವಲ್ಪ ಹೊತ್ತು ತಾಳುತ್ತದೆ. ದಾಖಲೆ ಬರೆಯಲು ಆ ಸ್ವಲ್ಪ ಹೊತ್ತು ಸಾಕು. ಮನೆಯಲ್ಲಿ ಇಡೀ ದಿನ ಓಡುವ ಕಂಪ್ಯೂಟರಿಗೆ ಅಲ್ಲಿನ ವೋಲ್ಟೇಜನ್ನು ನಕಲು ಮಾಡುವವರು ಆ ಲೋಟವನ್ನು ಮರೆತಿರುತ್ತಾರೆ.

ಕಲ್ಲಿನ ಮೇಲಿನ ಸಂಖ್ಯೆ

ಥಾಮ್ಸನ್ ಜೊತೆಗಿನ ಕೆಲಸದ ನಡುವೆಯೇ, 1854ರಲ್ಲಿ, ಅಮೀಲಿಯಾ ತೀರಿಕೊಂಡರು. ಅದೇ ವರ್ಷ ಹುಟ್ಟಿದ ಮಗುವೂ ಉಳಿಯಲಿಲ್ಲ. ಮಗ ಮತ್ತು ಮಗಳು, ಇಬ್ಬರು ಚಿಕ್ಕ ಮಕ್ಕಳು ಉಳಿದರು. ಜೂಲ್ ಮತ್ತೆ ಮದುವೆಯಾಗಲಿಲ್ಲ. ಆ ಹೊತ್ತಿಗೇ ಬಿಯರ್ ಕಾರ್ಖಾನೆಯೂ ಮಾರಾಟವಾಯಿತು.

1867ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಅವರಿಗೆ ಒಂದು ಕೆಲಸ ಕೊಟ್ಟಿತು. ತಮ್ಮ ಹಳೆಯ ತಂತಿಯ ನಿಯಮ ಬಳಸಿ, ವಿದ್ಯುತ್ತಿನಿಂದ ನೀರು ಕಾಯಿಸಿ, ಅದೇ ಸಂಖ್ಯೆಯನ್ನು ಮತ್ತೆ ಪಡೆಯಬೇಕು. ಬಂದದ್ದು ಸುಮಾರು 783. ಕಡೆಗೋಲಿನ ಪ್ರಯೋಗ ಕೊಟ್ಟದ್ದು 772. ಇಬ್ಬರಲ್ಲಿ ಯಾರೋ ತಪ್ಪು. ಜೂಲ್ ಮತ್ತೆ ಕಡೆಗೋಲು ಹಿಡಿದರು, ಹೊಸ ಪಾತ್ರೆ ಮಾಡಿಸಿದರು, 1878ರಲ್ಲಿ 772.55 ಎಂದು ವರದಿ ಮಾಡಿದರು. ತಪ್ಪಿದ್ದದ್ದು ಅಸೋಸಿಯೇಷನ್ ನಿಗದಿ ಮಾಡಿದ್ದ ಓಮ್ ಎಂಬ ಅಳತೆಯಲ್ಲೇ. ಅದು ಶೇ ಒಂದಕ್ಕಿಂತ ಸ್ವಲ್ಪ ಹೆಚ್ಚು ವ್ಯತ್ಯಾಸವಾಗಿತ್ತು ಎಂದು ಲಾರ್ಡ್ ರೇಲಿ ಮುಂದೆ ತೋರಿಸಿದರು.

ಅದೇ 1878ರಲ್ಲಿ ಸರ್ಕಾರ ಅವರಿಗೆ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಟ್ಟಿತು. ಜೀವನವಿಡೀ ಸ್ವಂತ ಹಣದಲ್ಲಿ ಪ್ರಯೋಗ ನಡೆಸಿದವರ ಕೈ ಆಗ ಬರಿದಾಗುತ್ತ ಬಂದಿತ್ತು. ಶಕ್ತಿಯ ಅಳತೆಗೆ ಅವರ ಹೆಸರಿಡಬೇಕೆಂದು 1882ರಲ್ಲಿ ವಿಲಿಯಂ ಸೀಮೆನ್ಸ್ ಸೂಚಿಸಿದರು. 1889ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಅದನ್ನು ಒಪ್ಪಿತು. ಕೆಲವೇ ವಾರಗಳ ನಂತರ, ಅಕ್ಟೋಬರ್ 11ರಂದು, ಮ್ಯಾಂಚೆಸ್ಟರ್ ಪಕ್ಕದ ಸೇಲ್ ಪಟ್ಟಣದ ತಮ್ಮ ಮನೆಯಲ್ಲಿ ಜೂಲ್ ತೀರಿಕೊಂಡರು.

ಬ್ರೂಕ್‌ಲ್ಯಾಂಡ್ಸ್ ಸ್ಮಶಾನದಲ್ಲಿ ಅವರ ಸಮಾಧಿಯ ಕಲ್ಲಿನ ಮೇಲೆ 772.55 ಎಂದು ಕೆತ್ತಿದೆ. ಇಂದು ಒಪ್ಪಿರುವ ಸಂಖ್ಯೆ ಸುಮಾರು 778. ವ್ಯತ್ಯಾಸ ಶೇ ಒಂದಕ್ಕಿಂತ ಕಡಿಮೆ.